ಬಾವಿಕಟ್ಟೆಯ ಲೆಚ್ಚೀನೊ

…ಒಂದು ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಪಾಲ್ಮೀನಕ್ಕ? ಒಂದೇ ಒಂದು ಹೂಂ! ಪಾಪ, ಮಿಂಗೊ ಅಷ್ಟು ಹೊತ್ತು ಟೋಪಿ ಕೈಯಲ್ಲಿ ಹಿಡ್ಕೊಂಡು ಗೇಟಿನ ಹತ್ರ ನಿಂತಿದ್ದ. ಅವನು ಟೋಪಿ ತೆಗೆದದ್ದನ್ನ ಯಾವಾಗಾದ್ರೂ ನೋಡಿದ್ಯಾ ನೀನು? ನಿನ್ನ ಗಂಡನ ಮಣ್ಣಿಗೂ ತಲೆ ಮೇಲೆ ಇಟ್ಕೊಂಡೇ ಬಂದಿದ್ದ ಮುಂಡೇದು. ಇವತ್ತು ತೆಗೆದ. ತೆಗೆದು ಕೇಳ್ದ. ‘ಈ ಹನ್ನೊಂದು ಮರ ಕಡಿದ್ರೆ ಮುಗೀತು ತಾನೆ, ಪಾಲ್ಮೀನಾ? ಒಣಗುರೋಗ ನಿನ್ನ ತೋಟದಲ್ಲಿ ಇನ್ನೆಲ್ಲೂ ಇಲ್ಲ ತಾನೆ?’ ಕಲ್ಲುಗೋಡೆ ಆಚೆ ಅವನದು ಮುನ್ನೂರು ಆಲಿವ್ ಮರ ನಿಂತಿವೆ, ಕೇಳದೆ ಇರ್ತಾನಾ? ನೀನು ನೋಡಿದ್ರೆ ಅವನ ಬೂಟು ನೋಡ್ತಾ ನಿಂತೆ. ಕೊನೆಗೆ ನಾನೇ ಬಾಯಿ ಬಿಡಬೇಕಾಯ್ತು. ‘ಇಷ್ಟೇ ಕಣಯ್ಯ, ಹೋಗು, ಹೋಗಿ ನಿಶ್ಚಿಂತೆಯಾಗಿರು’ ಅಂತ.

ಏನು? ನಾನು ಯಾಕೆ ಹೇಳ್ದೆ ಅಂತಾನಾ?

ಯಾರಾದ್ರೂ ಹೇಳ್ಬೇಕಲ್ಲಕ್ಕ! ಯಜಮಾನಿ ಬಾಯಿಗೆ ಬೀಗ. ಉಳಿದವನು ನಾನೊಬ್ಬ. ರೆಂಬೆ ಸವರೋ ಇಪ್ಪಾತ್ಸಿಯೊ, ಕಸಿ ಕಟ್ಟೋ ಇಪ್ಪಾತ್ಸಿಯೊ, ಕೋಳಿ ಗೂಡು ತೊಳೆಯೋ ಇಪ್ಪಾತ್ಸಿಯೊ. ಈಗ ಬಂದವರಿಗೆ ಉತ್ತರ ಹೇಳೋ ಕೆಲಸವೂ ನಂದೇ ಆಯ್ತು.

ಕೂತ್ಕೊ. ಆ ಕಲ್ಲು ತಣ್ಣಗಿದೆ, ಚೀಲ ಹಾಸ್ಕೊಂಡು ಕೂತ್ಕೊ. ಗರಗಸದವರು ಬರೋಕೆ ಇನ್ನೂ ಹೊತ್ತಿದೆ. ಊರ ಚೌಕದಲ್ಲಿ ಕಾಫಿ ಕುಡಿದು, ನಿನ್ನೆಯ ಫುಟ್ಬಾಲಿನ ಬಗ್ಗೆ ಕಿತ್ತಾಡಿ, ಆಮೇಲೆ ಹೊರಡ್ತಾರೆ. ಮರ ಕಡಿಯೋರಿಗೇನು ಅವಸರ? ಮರ ಎಲ್ಲಿಗೂ ಓಡಿ ಹೋಗಲ್ಲ.

ನನಗೆ ಏನೂ ಆಗ್ತಿಲ್ಲ ಅಕ್ಕ. ಅದೇ ವಿಚಿತ್ರ. ಬೆಳಿಗ್ಗೆ ಎದ್ದೆ, ಮುಖ ತೊಳೆದೆ, ನೀನು ಇಟ್ಟಿದ್ದ ಫಾವಾ ಕಾಳಿನ ಗಂಜಿಗೆ ಚಿಕೋರಿ ಸೊಪ್ಪು ಕಲಸ್ಕೊಂಡು ತಿಂದೆ. ಬಿಸಿ ಅಂತ ಗೊತ್ತಾಯ್ತು. ಉಪ್ಪು ಇತ್ತೋ ಇಲ್ವೋ, ಗೊತ್ತಿಲ್ಲ. ಆಮೇಲೆ ಕೆಳಗಿನ ಹೊಲಕ್ಕೆ ಹೋಗಿ ಹನ್ನೊಂದು ಮರವನ್ನೂ ನೋಡ್ಕೊಂಡು ಬಂದೆ. ಒಂದೊಂದರ ಮೈ ಮೇಲೂ ಕೆಂಪು ಬಣ್ಣದ ಗುರುತು. ಅಳು ಬರುತ್ತೇನೋ ಅಂತ ಸ್ವಲ್ಪ ಹೊತ್ತು ನಿಂತೆ. ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತಲ್ಲ, ಇದೆಯೋ ಇಲ್ವೋ ಅನ್ನೋ ಹಾಗೆ… ಮೈಯೆಲ್ಲಾ ಹಾಗಿದೆ. ನಿನಗೂ ಹಾಗೇನಾ?

ಸರಿ ಬಿಡು.

ಹನ್ನೊಂದರಲ್ಲಿ ರೋಗ ಇರೋದು ಮೂರಕ್ಕೇ. ಉಳಿದ ಎಂಟು ಸುಮ್ಮನೆ ಅವುಗಳ ಪಕ್ಕದಲ್ಲಿ ಹುಟ್ಟಿದ ಪಾಪಕ್ಕೆ ಹೋಗ್ತಿವೆ. ರೋಗದ ಮರದಿಂದ ಐವತ್ತು ಮೀಟರ್ ಒಳಗೆ ಯಾವ ಆಲಿವ್ ಇದ್ರೂ ಕಡೀಬೇಕು, ಆದೇಶ. ನಿನ್ನ ಗಂಡ ನೆಟ್ಟವು, ಅಲ್ವಾ? ನಾನು ಬಂದಾಗ ನನ್ನ ಸೊಂಟದಷ್ಟು ಇದ್ದವು. ಹೋಗ್ಲಿ. ಮೇಲಿನ ಏಳಕ್ಕೆ ಏನೂ ಆಗಿಲ್ಲವಲ್ಲ, ಅದನ್ನ ನೆನೆಸ್ಕೊ. ಆ ಏಳು ಹಳೇ ಮರ! ನಡುವೆ ದಾರಿ ಇದೆ, ಕಲ್ಲುಗೋಡೆ ಇದೆ, ಐವತ್ತು ಮೀಟರ್ ಲೆಕ್ಕ ಅಲ್ಲೀತನಕ ಬರಲ್ಲ. ಬಚಾವಾದವು. ಯೇಸುವಿಗಿಂತ ಮುಂಚಿನವು ಅಂತ ನಿನ್ನ ಮಾವ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದ. ಇರಬಹುದು, ಯಾರು ಕಂಡಿದ್ದಾರೆ? ಆ ಮೂರನೇದರ ಪೊಟರೆ ಒಳಗೆ ನೀನು ಮದುವೆ ಬಟ್ಟೇಲಿ ನಿಂತು ಫೋಟೋ ತೆಗೆಸಿಕೊಂಡಿದ್ದೀಯಲ್ಲ, ಪಕ್ಕದಲ್ಲಿ ಇನ್ನಿಬ್ಬರು ನಿಲ್ಲೋ ಜಾಗ ಇದೆ. ಈಗ ಅಲ್ಲಿ ಗೂಬೆ ಸಂಸಾರ. ನಿನ್ನನ್ನ ನೋಡಿದ್ರೆ ತಲೆ ಬಗ್ಗಿಸ್ತಾವೆ, ನನ್ನನ್ನ ನೋಡಿದ್ರೆ ಸಾಲಗಾರನ್ನ ಕಂಡ ಹಾಗೆ ಮುಖ ತಿರುಗಿಸ್ತಾವೆ.

ನಗ್ತಿದ್ದೀಯಾ? ನಗು ಅಲ್ವಾ ಅದು?… ಅಲ್ಲ. ಸರಿ.

ನೋಡು, ಜನ ಏನಾದ್ರೂ ಅಂದ್ಕೊಳ್ಳಲಿ. ಅವತ್ತು ಪಂಚಾಯ್ತಿ ಸಭೇಲಿ ನಡೆದದ್ದು ನೆನೆಸ್ಕೊಂಡು ನೀನು ಕೊರಗ್ತಿದ್ದೀಯ, ನನಗೆ ಗೊತ್ತು. ಎಷ್ಟು ಜನ ಸೇರಿದ್ರು! ಎಣ್ಣೆ ಗಾಣದವನು ಎದ್ದು ನಿಂತು ಬೆರಳು ತೋರಿಸಿದ್ನಲ್ಲ ನಿನ್ನ ಕಡೆಗೆ. ‘ಇವಳ ಹುಲ್ಲೇ ಕಾರಣ. ನಾವೆಲ್ಲ ಉಳುಮೆ ಮಾಡಿ ನೆಲ ಅಂಗೈ ಥರ ಇಟ್ಕೊಂಡಿದ್ದೀವಿ, ಔಷಧಿ ಹೊಡೀತೀವಿ. ಇವಳು ಇಪ್ಪತ್ತು ವರ್ಷದಿಂದ ಹುಲ್ಲು ಸಾಕಿದ್ದಾಳೆ, ಹುಲ್ಲಿನಲ್ಲಿ ಉಗುಳುಹುಳ ಸಾಕಿದ್ದಾಳೆ, ಹುಳದ ಬಾಯಲ್ಲಿ ರೋಗ ಸಾಕಿದ್ದಾಳೆ.’ ಚಪ್ಪಾಳೆ ಬೇರೆ. ಮಿಂಗೊ ಎದ್ದು ‘ಅಕ್ಕೋರ ಹೂವಿನ ತೋಟದಿಂದ ನಮ್ಮೆಲ್ಲರ ಸಮಾಧಿಗೆ ಹೂವು’ ಅಂದ. ಜನ ನಕ್ಕರು. ನೀನು ಕೈಚೀಲ ಮಡಿಲಲ್ಲಿ ಇಟ್ಕೊಂಡು ಬಸ್ಸಿಗೆ ಕಾಯೋರ ಥರ ಕೂತಿದ್ದೆ.

ನಾನಾ? ನಾನು ಎದ್ದು ಒಂದು ಮಾತಾಡಬಹುದಿತ್ತು. ಹೌದು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಓಡಿ ಹೋದವನ ಮಾತು ಯಾರು ಕೇಳ್ತಾರೆ ಅಂತ ಸುಮ್ಮನಿದ್ದೆ. ಹಾಗೆ ಅಂದ್ಕೊಂಡೆ ಅವಾಗ.

ಆದ್ರೆ ಈಗ ಹೇಳ್ತೀನಿ ಕೇಳು. ನಿನ್ನ ಹುಲ್ಲಿನದೇನೂ ತಪ್ಪಿಲ್ಲ. ನೀನು ಹುಲ್ಲು ಬಿಟ್ಟು ಕೈ ಕಟ್ಟಿ ಕೂತವಳಾ? ಪ್ರತಿ ವರ್ಷ ಚಳಿ ಮುಗಿಯೋ ಹೊತ್ತಿಗೆ, ಹುಳದ ಮರಿ ಇನ್ನೂ ನೊರೆಯೊಳಗೆ ಮುದುರಿಕೊಂಡಿರುವಾಗಲೇ, ಸಾಲಿನಿಂದ ಸಾಲಿಗೆ ಮಂಡಿ ಊರ್ಕೊಂಡು ಹೋಗ್ತಿದ್ದೆ. ದಂಟಿನ ಮೇಲೆ ಯಾರೋ ಉಗುಳಿದ ಹಾಗೆ ನೊರೆ ಕಂಡ್ರೆ ಸಾಕು, ಅಷ್ಟು ಜಾಗ ಮಟ್ಟವಾಗಿ ಕೊಯ್ಸಿ, ಮೇಲೆ ಕೋಳಿ ಬಿಡ್ತಿದ್ದೆ. ಉಳಿದ ಕಡೆ ಹೂವು ಬಿಡ್ತಿದ್ದೆ. ನನಗೆ ಮೊದಲ ವರ್ಷ ನಗು ಬಂದಿತ್ತು ನಿಜ. ಜೇನುಹುಳ ಕೂತ ಹಾಗೇ ಕಾಣೋ ಆ ಹೂವಿಗೋಸ್ಕರ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಕೊಡೆ ಅಡ್ಡ ಹಿಡಿದೋಳು ನೀನು! ‘ಹುಚ್ಚಮ್ಮನ ಹತ್ರ ಕೆಲಸಕ್ಕೆ ಸೇರಿದೆ’ ಅಂತ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದೆ. ಅಪ್ಪ ಏನಂದ ಗೊತ್ತಾ? ‘ಸಂಬಳ ಕೊಡ್ತಾಳಾ? ಹಾಗಾದ್ರೆ ನೀನೂ ಕೊಡೆ ಹಿಡಿ’ ಅಂದ.

ಹಿಡಿದೆನಲ್ಲ. ಎಲ್ಲೂ ಎರಡು ಚಳಿಗಾಲ ನಿಂತವನಲ್ಲ ನಾನು. ಬಡಗಲಲ್ಲಿ ಸೇಬು ಕಿತ್ತೆ, ಹಡಗಿನ ಅಡುಗೆಮನೇಲಿ ಈರುಳ್ಳಿ ಹೆಚ್ಚಿದೆ, ಜರ್ಮನಿಯಲ್ಲಿ ಟೈರು ಹೊತ್ತೆ. ಇಲ್ಲಿ ಬಂದು ನಿಂತೆ. ಗೋಡೆ ಸಂದಿಯಿಂದ ಹಲ್ಲಿ ಇಣುಕೋದು, ಮೇ ತಿಂಗಳಲ್ಲಿ ಚಂದ್ರಮುಕುಟ ಹಕ್ಕಿ ಬರೋದು, ಒಂದು ಹೊಲದಲ್ಲಿ ಇಷ್ಟೊಂದು ಥರ ಸೊಪ್ಪು… ಮಿಂಗೊನ ಹೊಲದಲ್ಲಿ ಮರ ಮಾತ್ರ ಇದೆ. ನಿನ್ನ ಹೊಲದಲ್ಲಿ ಸದ್ದಿದೆ. ಅದಕ್ಕೇ ನಿಂತೆ ಅಂತ ಕಾಣುತ್ತೆ. ಅವತ್ತು ಗೊತ್ತಿರಲಿಲ್ಲ.

ಅದಕ್ಕೆ ಹೇಳೋದು, ನಿನ್ನ ಹುಲ್ಲಿನ ತಪ್ಪಲ್ಲ. ನನಗೆ ಗೊತ್ತು.

ಹೇಗೆ ಗೊತ್ತು ಅಂದ್ರೆ? ಗೊತ್ತು ಅಷ್ಟೇ. ಹುಳ ತಾನಾಗಿ ರೋಗ ಹುಟ್ಟಿಸುತ್ತಾ? ರೋಗದ ಮರದ ರಸ ಹೀರಿದ್ರೆ ತಾನೆ ಇನ್ನೊಂದಕ್ಕೆ ಹಚ್ಚೋದು? ಎಲ್ಲೋ ಒಂದು ಕಡೆ ರೋಗದ ಮರ ಇರಬೇಕು ಮೊದಲು… ಎಲ್ಲೋ. ಲಾರಿ. ಹೂಂ, ಲಾರಿ! ರೋಗ ಹಬ್ಬಿರೋ ತೆಂಕಲಿಂದ ದಿನಾ ಎಷ್ಟು ಲಾರಿ ಬರ್ತಾವೆ ಹೆದ್ದಾರೀಲಿ? ಡ್ರೈವರ್ ಅಂಗಿ ಮೇಲೆ ಒಂದು ಹುಳ ಕೂತ್ಕೊಂಡು ಬಂದ್ರೆ ಸಾಕು. ಎಲೆ ಪರೀಕ್ಷೆಯವರೇ ಹೇಳಿದ್ರಲ್ಲ, ಲಾರಿ ಇರಬಹುದು ಅಂತ.

ಹೆದ್ದಾರಿ ದೂರ ಇದೆ, ನಿಜ. ಗಾಳಿ ಇರುತ್ತಲ್ಲ. ತೆಂಕಣ ಗಾಳಿ ಎದ್ರೆ ಆಫ್ರಿಕಾದ ಮರಳೇ ಬಂದು ನಿನ್ನ ಒಗೆದ ಬಟ್ಟೆ ಮೇಲೆ ಕೂರುತ್ತೆ, ಒಂದು ಹುಳ ಬರಲ್ವಾ?

ಯಾಕೆ ಆ ಕಡೆ ನೋಡ್ತಿದ್ದೀಯ?

ಬಾವಿ ಹತ್ರ ಏನಿದೆ? ಬಾವಿ ಇದೆ. ಬಾವಿ ಪಕ್ಕದಲ್ಲಿ ಮರ ಇದೆ. ಲೆಚ್ಚೀನೊ. ಹೇಳಿದ್ನಲ್ಲ ನಿನಗೆ, ಎಷ್ಟು ಸಲ ಹೇಳೋದು? ಅಲ್ಲಿ ಕಾಡು ಆಲಿವ್ ತಾನಾಗಿ ಹುಟ್ಟಿತ್ತು, ಹಕ್ಕಿ ಹಾಕಿದ ಬೀಜ. ಕೀಳೋದು ಬೇಡ ಅಂದೆ ನೀನು. ಸರಿ, ಸುಮ್ಮನೆ ಯಾಕಿರಬೇಕು, ರೋಗ ತಡೆಯೋ ತಳಿ ಲೆಚ್ಚೀನೊ ತಂದು ಕಸಿ ಮಾಡೋಣ ಅಂತ ನಾನು ಮಾಡ್ದೆ. ನರ್ಸರಿಯಿಂದ ತಂದ ಕಡ್ಡಿ. ಇದರಲ್ಲಿ ಏನಿದೆ? ಎಷ್ಟು ಚೆನ್ನಾಗಿ ಹತ್ತಿತು! ಮೊದಲ ಬೇಸಿಗೇಲೇ ಮೊಳ ಉದ್ದ ಚಿಗುರು. ನೀನೇ ನೋಡಿ ‘ಪಾತ್ಸಿ, ನಿನ್ನ ಕೈಗೆ ಮುತ್ತು ಕೊಡ್ಬೇಕು’ ಅಂದಿದ್ದೆ. ಕೊಡಲಿಲ್ಲ ಅದು ಬೇರೆ ಮಾತು.

ಹಣ್ಣಾ? ಯಾವ ಹಣ್ಣು?… ಓ. ಹೋದ ಸುಗ್ಗಿಯದಾ. ಹೌದು, ಸಣ್ಣ ಹಣ್ಣು. ಹೇಳಿದ್ನಲ್ಲ ಅವಾಗಲೇ, ಮೊದಲ ಫಸಲು ಸಣ್ಣದೇ ಇರುತ್ತೆ. ಕೈ ಕಪ್ಪಾಯ್ತು ಅಂದೆ ನೀನು. ಆಲಿವ್ ಕಿತ್ರೆ ಕೈ ಕಪ್ಪಾಗದೆ ಬಿಳಿ ಆಗುತ್ತಾ? ಲೆಚ್ಚೀನೊ ದಪ್ಪ ಇರುತ್ತೆ, ಬೇಗ ಮಾಗುತ್ತೆ, ಗೊತ್ತು ನನಗೂ. ಮಣ್ಣು ಬೇರೆ, ಬೇರು ಕಾಡು ಮರದ್ದು, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಆಗಲ್ವಾ? ಮರ ಅಂದ್ರೆ ಅಚ್ಚಲ್ಲಿ ಹುಯ್ದ ಇಟ್ಟಿಗೆನಾ?

ನೀನು ಹೀಗೆ ಸುಮ್ನಿದ್ರೆ ನಾನು ಮಾತಾಡ್ತಾನೇ ಇರ್ತೀನಿ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ರೈಲಿನಲ್ಲಿ ಎದುರಿಗೆ ಕೂತವನು ಮಾತಾಡದೆ ಇದ್ರೆ ಅವನಿಗೆ ನನ್ನ ಅಪೆಂಡಿಕ್ಸ್ ಆಪರೇಷನ್ ಕಥೇನೂ ಹೇಳ್ಬಿಡ್ತೀನಿ.

ರೈಲು ಅಂದ ಮೇಲೆ… ಅಪ್ಪನ ಮಣ್ಣಿಗೆ ಹೋಗಿದ್ನಲ್ಲ, ಅದನ್ನ ನಿನಗೆ ಸರಿಯಾಗಿ ಹೇಳೇ ಇಲ್ಲ. ನೀನು ಕೇಳಲೂ ಇಲ್ಲ. ಒಳ್ಳೇದೇ ಮಾಡಿದೆ. ಆ ಸಣ್ಣ ರೈಲು ತೆಂಕಲ ತುದಿಗೆ ಹೋಗೋದು ಗೊತ್ತಲ್ಲ, ಪ್ರತಿ ಬೇಲಿಗೂ ನಿಂತು ನಮಸ್ಕಾರ ಹಾಕ್ಕೊಂಡು ಹೋಗುತ್ತೆ. ಕಿಟಕಿಯಿಂದ ನೋಡ್ತಾ ಕೂತಿದ್ದೆ. ಬೂದಿ. ಮೊದಲು ಅಲ್ಲೊಂದು ಇಲ್ಲೊಂದು ಮರ ಬೂದಿ ಬಣ್ಣ, ಆಮೇಲೆ ಸಾಲಿಗೆ ಸಾಲು, ಆಮೇಲೆ ಆಕಾಶದ ಅಂಚಿನವರೆಗೂ ಬೂದಿ. ನಿಂತಲ್ಲೇ ಒಣಗಿದ ಮರ. ಎಲೆ ಇಲ್ಲ, ಹಕ್ಕಿ ಇಲ್ಲ. ಬೋಗಿಯಲ್ಲಿದ್ದ ಜನ ಮೊಬೈಲ್ ನೋಡ್ತಿದ್ರು. ಅವರಿಗೆ ಅಭ್ಯಾಸ ಆಗಿತ್ತು. ನಾನೂ ಮೊಬೈಲ್ ತೆಗೆದೆ.

ಅಪ್ಪ ಸತ್ತದ್ದು ಎದೆನೋವಿಂದ ಅಂದ್ರು. ಡಾಕ್ಟರಲ್ವಾ, ಹಾಗೆ ಹೇಳ್ತಾರೆ. ಮನೆ ಹಿಂದಿನ ನಮ್ಮ ದೊಡ್ಡ ಚೆಲ್ಲೀನಾ ತಳಿ ಆಲಿವ್ ಮರ ಒಣಗಿದ ಮೇಲೆ ಅವನು ದಿನಾ ಹೋಗಿ ಅದರ ಬುಡದಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತಿದ್ದನಂತೆ. ಬಿಸಿಲಲ್ಲಿ! ನೆರಳೇ ಇಲ್ಲದ ಮರದ ಕೆಳಗೆ. ಅಮ್ಮ ಕೊಡೆ ಕೊಟ್ರೆ ‘ಮರದ ಕೆಳಗೆ ಕೂತೋನಿಗೆ ಕೊಡೆ ಯಾಕೆ’ ಅಂತ ಬೈತಿದ್ದನಂತೆ.

ಮಣ್ಣು ಮುಗಿಸಿ ಬಂದು ನಾನು ಹಿತ್ತಲಿಗೆ ಹೋದೆ. ಕುರ್ಚಿ ಹಾಗೇ ಇತ್ತು. ಕೂತೆ. ತಲೆ ಎತ್ತಿ ನೋಡಿದ್ರೆ… ಒಂದು ಕಡೆ, ಎತ್ತರದಲ್ಲಿ, ಬೂದಿ ಬಣ್ಣದ ಒಣ ರೆಂಬೆ ಪಕ್ಕದಲ್ಲಿ ಇಷ್ಟುದ್ದ ಹಸಿರು ಚಿಗುರು. ಇಡೀ ಬಯಲಲ್ಲಿ ಅದೊಂದೇ ಹಸಿರು. ನಾನು ನೋಡಿದ್ದು ನೋಡಿದ್ದೇ. ಇದು ಉಳಿದುಕೊಂಡಿದೆ ಅನ್ನಿಸ್ತು. ರೋಗ ಗೆದ್ದು ಬಂದಿದೆ ಅನ್ನಿಸ್ತು. ಅಪ್ಪ ದಿನಾ ಕಾಯ್ತಿದ್ದದ್ದು ಇದಕ್ಕೇ ಅನ್ನಿಸ್ತು. ನಮ್ಮ ಮನೇಲಿ ಒಂದು ಪದ್ಧತಿ ಇತ್ತು ಅಕ್ಕ. ಊರು ಬಿಟ್ಟು ಹೋಗಿ ಯಾರು ಎಲ್ಲಿ ನೆಲೆ ನಿಲ್ತಾರೋ ಅಲ್ಲಿನ ಮರಕ್ಕೆ ನಮ್ಮ ಮರದ ಒಂದು ಕಡ್ಡಿ ಕಸಿ ಕಟ್ಟೋದು. ತಾತ ಮನೆ ಅಳಿಯನಾಗಿ ಬಂದಾಗ ತನ್ನೂರ ಕಡ್ಡಿ ಕಟ್ಟಿದ್ದು ಹಿತ್ತಲಿನ ಆ ಮರಕ್ಕೇ. ನಾನು ಊರೂರು ಅಲೆಯೋವಾಗ ಅಪ್ಪ ಫೋನಲ್ಲಿ ಪ್ರತಿ ಸಲ ಕೇಳ್ತಿದ್ದ, ‘ಕಡ್ಡಿ ಕಳಿಸ್ಲಾ, ಇನ್ನೂ ಬೇಡ್ವಾ?’ ಅಂತ. ‘ಇನ್ನೂ ಬೇಡ, ನಿಂತಿಲ್ಲ’ ಅಂತಿದ್ದೆ. ಇಲ್ಲಿಗೆ ಬಂದು ಇಷ್ಟು ವರ್ಷ ಆದ್ಮೇಲೂ ‘ಇನ್ನೂ ಬೇಡ’ ಅಂತಲೇ ಅಂತಿದ್ದೆ. ಅಭ್ಯಾಸ.

ಹಾಗೆ ನೋಡ್ಬೇಡ!

ನೋಡ್ದೆ, ಎದ್ದು ಬಂದೆ. ಅಷ್ಟೇ. ಮುಟ್ಟಲಿಲ್ಲ. ತೆಂಕಲಿಂದ ಆಲಿವ್ ಎಲೆ ಕೂಡ ತರಬಾರದು ಅಂತ ಸ್ಟೇಷನ್ ಸ್ಟೇಷನ್ನಿಗೂ ಬೋರ್ಡು ಹಾಕಿದ್ದಾರೆ, ನನಗೆ ಓದೋಕೆ ಬರುತ್ತೆ. ನಾಲ್ಕನೇ ಕ್ಲಾಸು ಅಷ್ಟಾದ್ರೂ ಕಲಿಸಿದೆ.

ಆ ವಸಂತದಲ್ಲೇ ಬಾವಿ ಹತ್ರದ ಕಸಿ ಕಟ್ಟಿದ್ದು, ಹೌದು. ಊರಿಂದ ಬಂದ ಮೇಲೇ. ಕಸಿ ಕಟ್ಟೋ ಕಾಲ ಅದೇ ಅಲ್ವಾ? ಇನ್ನು ಯಾವಾಗ ಕಟ್ಟಲಿ, ಕ್ರಿಸ್ಮಸ್ಸಿಗಾ?

ನೀನು ಹೀಗೆ ಒಂದಕ್ಕೊಂದು ಗಂಟು ಹಾಕಿದ್ರೆ ನಾನೇನು ಹೇಳಲಿ… ಅಲ್ಲ, ನೀನು ಏನೂ ಹೇಳಿಲ್ಲ. ಗೊತ್ತು. ಬಾಯೇ ಬಿಟ್ಟಿಲ್ಲ ನೀನು. ನಾನೇ ಹೇಳ್ತಿರೋದು.

ಕಾಫಿ ಆರೋಯ್ತು. ಇನ್ನೊಂದು ಇಡ್ಲಾ?

ಬೇಡ.

ಅಕ್ಕ, ಲೆಕ್ಕ ಹಾಕು. ಸುಮ್ಮನೆ, ಮಾತಿಗೆ ಹೇಳ್ತೀನಿ. ಆ ಬಾವಿ ಮರ ಚೆನ್ನಾಗೇ ಇದೆ. ಎಲೆ ಒಣಗಿಲ್ಲ, ತುದಿ ಸುಟ್ಟಿಲ್ಲ. ರೋಗ ಒಳಗಿದ್ರೂ ಕೆಲವು ಮರ ತೋರಿಸ್ಕೊಳ್ಳಲ್ಲ ಅಂತಾರೆ, ಇರಲಿ. ಆದ್ರೂ ಯಾರಾದ್ರೂ ಅನುಮಾನ ಪಟ್ಟು ಅದರ ಎಲೆ ಕಿತ್ತು ಪರೀಕ್ಷೆಗೆ ಕಳಿಸಿದ್ರು ಅಂತ ಇಟ್ಕೊ. ಮಾತಿಗೆ! ಬಾವಿಯಿಂದ ಐವತ್ತು ಮೀಟರ್ ಅಂದ್ರೆ ಏನೇನು ಬರುತ್ತೆ? ಏಳೂ ಬರುತ್ತೆ. ಏಳಕ್ಕೆ ಏಳೂ. ಗೂಬೆ ಪೊಟರೆ, ನಿನ್ನ ಮದುವೆ ಫೋಟೋದ ಮರ, ಎಲ್ಲ. ಯೇಸುವಿಗಿಂತ ಹಳೇದು, ಒಂದು ಬೆಳಗಿನಲ್ಲಿ ಸೌದೆ. ಅದಕ್ಕೆ ನೀನು ಒಪ್ತೀಯಾ? ಯಾವನು ಒಪ್ತಾನೆ? ಅದಕ್ಕೇ ಯಾರೇ ಆದ್ರೂ… ಗೊತ್ತಿದ್ರೂ… ಗೊತ್ತಿದ್ದೋರು ಇದ್ರೆ ಅಂತ ಹೇಳ್ತಿರೋದು… ಬಾಯಿ ಮುಚ್ಕೊಂಡೇ ಇರ್ತಾರೆ. ನಿನ್ನ ಒಳ್ಳೇದಕ್ಕೆ.

ಹೂಂ, ಮಿಂಗೊ. ಅವನ ಮುನ್ನೂರು ಮರ ಗಾಳಿ ಬೀಸೋ ಕಡೆಗೇ ಇವೆ. ಅವನ ಆಚೆ ಗಾಣದವನದು. ಅದರಾಚೆ ಇಡೀ ಬಯಲು, ಬೆಟ್ಟದ ಬುಡದ ತನಕ. ಬೇಸಿಗೆ ಬಂದ್ರೆ ಹುಳಕ್ಕೆ ರೆಕ್ಕೆ ಬರುತ್ತೆ. ಎಲ್ಲ ಗೊತ್ತು. ಅವರೆಲ್ಲ ಈಗ ನಿನ್ನನ್ನ ನೋಡಿ ಹುಲ್ಲು ಸುಡ್ತಿದ್ದಾರೆ, ಅದೂ ಗೊತ್ತು. ನಿನ್ನೆ ಸಂಜೆ ಆ ವಾಸನೆ ಬಂತಲ್ಲ, ಕಳೆನಾಶಕ ಹೊಡೆದ ವಾಸನೆ. ನೀನು ಕಿಟಕಿ ಮುಚ್ಚಿದೆ. ನಿನ್ನ ಹತ್ರ ಸೊಪ್ಪಿನ ಹೆಸರು ಕಲಿಯೋಕೆ ಬರ್ತಿದ್ದ ಆ ಇಬ್ಬರು ಹೆಂಗಸರೂ ನೇಗಿಲು ಕಟ್ಟಿದ್ದಾರಂತೆ. ‘ಪಾಲ್ಮೀನಾಗೆ ಆದದ್ದು ನೋಡಿ ಬುದ್ಧಿ ಬಂತು’ ಅಂದ್ರಂತೆ. ಇಪ್ಪತ್ತು ವರ್ಷ ನೀನು ತಿರುಗಿ ತಿರುಗಿ ಹೇಳಿದ್ದು, ಒಂದು ವಾರದಲ್ಲಿ…

ಹುಲ್ಲಿನ ತಪ್ಪಲ್ಲ ಅಂತ ನಾನೊಬ್ಬ ಹೇಳಿದ್ರೆ ಸಾಕಿತ್ತು. ಗೊತ್ತು.

ನನ್ನನ್ನ ಬೈ. ಬೈಬಾರದಾ ಒಂದು ಸಲ? ಬೇರೆಯೋರಾಗಿದ್ರೆ ಈ ಹೊತ್ತಿಗೆ ಕುರ್ಚಿ ಎತ್ತಿ ಹೊಡೀತಿದ್ರು.

ಹಾರ್ನ್. ಕೇಳಿಸ್ತಾ? ಬಂದ್ರು.

ಕೇಳು, ಬೇಗ ಹೇಳ್ತೀನಿ. ಮೇಸ್ತ್ರಿ ಬಂದು ಒಂದು ಮಾತು ಕೇಳ್ತಾನೆ, ಅದು ಅವರ ಪದ್ಧತಿ. ‘ಗುರುತು ಹಾಕಿರೋದು ಬಿಟ್ಟು ಇನ್ಯಾವುದಾದ್ರೂ ಅನುಮಾನದ ಮರ ಇದೆಯಾ?’ ಅಂತ. ಯಜಮಾನಿ ಬಾಯಿಂದಲೇ ಬರಬೇಕಂತೆ. ‘ಇಲ್ಲ, ಇಷ್ಟೇ’ ಅನ್ನು. ಎರಡು ಮಾತು. ನಾನು ಅವರನ್ನ ಕೆಳಗಿನ ಹೊಲಕ್ಕೆ ಕರ್ಕೊಂಡು ಹೋಗ್ತೀನಿ, ನೀನು ಒಳಗೆ ಹೋಗಿ ರೇಡಿಯೋ ಜೋರಾಗಿ ಹಾಕ್ಕೊ. ಮಧ್ಯಾಹ್ನದೊಳಗೆ ಮುಗಿಯುತ್ತೆ. ಆಮೇಲೆ ಒಂದು ದಿನ, ಜನ ಎಲ್ಲ ಮರೆತ ಮೇಲೆ, ಬಾವಿ ಮರ ನಾನೇ ಕಡೀತೀನಿ. ಸದ್ದಿಲ್ಲದೆ. ಬೇರು ಸಮೇತ. ಆಯ್ತಾ?

ಯಾಕೆ ಕಡೀತೀನಿ ಅಂದ್ರೆ… ಅದು ಬಾವಿಗೆ ಎಲೆ ಉದುರಿಸುತ್ತೆ ಅಂತ…

ಬನ್ನಿ ಮೇಸ್ತ್ರಿ, ಬನ್ನಿ. ದಾರಿ ಸಿಕ್ತಾ? ನಾಯಿ ಏನೂ ಮಾಡಲ್ಲ. ಇವರೇ ನಮ್ಮ ಯಜಮಾನಿ. ಕೇಳಿ, ಕೇಳಿ, ಕೇಳೋದಿದ್ರೆ ಅವರನ್ನೇ ಕೇಳಿ.

ಹೇಳಕ್ಕ.

ಮೇಸ್ತ್ರಿ ಕೇಳ್ತಿದ್ದಾರೆ ನೋಡು. ಹೇಳು.

ಅವಳಿಗೆ ಸ್ವಲ್ಪ… ನಾಲ್ಕು ದಿನದಿಂದ ಊಟ ನಿದ್ದೆ ಇಲ್ಲ ಮೇಸ್ತ್ರಿ. ಗಂಡ ನೆಟ್ಟ ಮರ ನೋಡಿ. ಒಂದು ನಿಮಿಷ. ಅಕ್ಕ, ಇಷ್ಟೇ ಅನ್ನು. ಪರೀಕ್ಷೆಯವರು ಬಂದಾಗ ಎಲ್ಲ ನೋಡ್ಕೊಂಡೇ ಹೋಗಿದ್ದಾರೆ ಮೇಸ್ತ್ರಿ, ನಾನು ಅವತ್ತು ಪೇಟೆಗೆ ಹೋಗಿದ್ದೆ, ಇವಳೇ ಜೊತೆಗಿದ್ದು ತೋರಿಸಿದ್ದು. ಕೆಳಗಿನ ಹೊಲ ತೋರಿಸಿದ್ಲು, ಗೋಡೆ ಪಕ್ಕದ ಸಾಲು ತೋರಿಸಿದ್ಲು, ಬಾವಿ ಕಡೆ ಹೊರಟೋರನ್ನ ಬಿಸಿಲು ಜಾಸ್ತಿ ಅಂತ ಮನೆಗೆ ಕರ್ಕೊಂಡು ಬಂದು ಗಟ್ಟಿ ರೊಟ್ಟಿಗೆ ಟೊಮೆಟೊ ಉಜ್ಜಿ ಕೊಟ್ಟಳಂತೆ, ತಿಂದು…

ಬಿಸಿಲು ಜಾಸ್ತಿ ಅಂತ.

ಜನವರೀಲಿ.

ಅಕ್ಕ?

ನಿನಗೆ… ಯಾವಾಗಿಂದ? ಹಣ್ಣು ಕಿತ್ತ ದಿನದಿಂದಾನಾ? ಕೈ ಮೂಸಿ ನೋಡ್ಕೊಂಡು ಆಮೇಲೆ ತೊಳೆಯೋಕೆ ಹೋದೆಯಲ್ಲ… ನಿನಗೆ ಗೊತ್ತಿತ್ತು. ಸಭೇಲಿ ಅಷ್ಟು ಜನ ಬೆರಳು ತೋರಿಸಿ ಬೈತಿದ್ದಾಗ ನಿನಗೆ ಗೊತ್ತಿತ್ತು. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ!

ಏನಾದ್ರೂ ಅನ್ನು ಮಾರಾಯ್ತಿ.

ಎಲ್ಲಿಗೆ? ಅಕ್ಕ, ಎಲ್ಲಿಗೆ ಹೊರಟೆ? ಕೆಳಗಿನ ಹೊಲ ಈ ಕಡೆ. ಹನ್ನೊಂದು ಮರ ಈ ಕಡೆ ಇವೆ. ಮೇಸ್ತ್ರಿ, ಅವಳ ಹಿಂದೆ ಹೋಗ್ಬೇಡಿ, ಅವಳು ನೀರು ಸೇದೋಕೆ ಹೋಗ್ತಿರಬೇಕು… ಅಕ್ಕ! ಆ ಕಡೆ ಬೇಡ. ಏಳಿವೆ ಅಲ್ಲಿ. ಏಳೂ ಹೋಗುತ್ತೆ ಕಣೆ!

ಕೈ ತೆಗಿ ಆ ಮರದ ಮೇಲಿಂದ.

ತೆಗಿ ಅಂದೆ.

…

ಅದು ಲೆಚ್ಚೀನೊ ಅಲ್ಲ ಮೇಸ್ತ್ರಿ. ಚೆಲ್ಲೀನಾ, ಕೈ ಕಪ್ಪು ಮಾಡೋ ಸಣ್ಣ ಹಣ್ಣಿಂದು. ತೆಂಕಲದ್ದು, ನಮ್ಮ ಹಿತ್ತಲದ್ದು. ಒದ್ದೆ ಬಟ್ಟೇಲಿ ಸುತ್ತಿ ಅಂಗಿಯೊಳಗೆ ಇಟ್ಕೊಂಡು ತಂದೆ. ನಾನೇ. ಇವಳಿಗೆ ಹೇಳಿರಲಿಲ್ಲ. ಹೌದು, ಬರ್ಕೊಳ್ಳಿ. ಈ ಬಯಲಿಗೆ ರೋಗ ಬಂದದ್ದು ಇದರಿಂದ, ಹುಲ್ಲಿಂದ ಅಲ್ಲ. ಅದನ್ನ ದೊಡ್ಡದಾಗಿ ಬರ್ಕೊಳ್ಳಿ. ಮಿಂಗೊ ಗೋಡೆ ಆಚೆ ನಿಂತಿದ್ದಾನೆ, ಅವನಿಗೂ ಕೇಳೋ ಹಾಗೆ ಹೇಳ್ತಿದ್ದೀನಿ. ಹುಲ್ಲಿಂದ ಅಲ್ಲ ಕಣೋ!

ಆ ಬಣ್ಣದ ಡಬ್ಬಿ ತೆಗೆದ್ರಾ. ಹೂಂ, ತೆಂಕಲ ಕಡ್ಡಿ ಅಂದ ಮೇಲೆ ಪರೀಕ್ಷೆಗೂ ಕಾಯಲ್ಲ. ಮೊದಲನೇದಕ್ಕೆ ಹಾಕಿದ್ರು. ಎರಡನೇದು. ಆ ಮೂರನೇದಕ್ಕೆ ಈ ಕಡೆಯಿಂದ ಹಾಕಿ ಮೇಸ್ತ್ರಿ, ಆ ಕಡೆ ಪೊಟರೆ ಇದೆ, ಒಳಗೆ ಮರಿ ಇವೆ. ಅವು ಹಾರೋ ತನಕ ಕಾಯೋಕಾಗುತ್ತಾ?… ಮೇಲಿನೋರನ್ನ ಕೇಳಿ ನೋಡ್ತೀರಾ. ಆಯ್ತು. ಕೇಳಿ ನೋಡಿ.

ಏನೂ ಆಗ್ತಿಲ್ಲ ಅಕ್ಕ, ಈಗಲೂ. ನಿನಗೆ?

ಗರಗಸ ನನ್ನ ಕೈಗೆ ಕೊಡಿ ಮೇಸ್ತ್ರಿ. ದೊಡ್ಡದಲ್ಲ, ಕೈಗರಗಸ ಸಾಕು. ಇದು ಚಿಕ್ಕ ಮರ. ಅಲ್ಲಿ ಅಲ್ಲ, ಇನ್ನೂ ಕೆಳಗೆ. ಕಸಿ ಕೂಡಿದ ಗಂಟು ಇಲ್ಲಿದೆ, ಬೆರಳಿಟ್ಟು ನೋಡಿ, ಉಬ್ಬು ಸಿಗುತ್ತೆ.

ಆ ಕೊಂಬೆ ಒಂಚೂರು ಆಚೆ ಬಗ್ಗಿಸಿ ಹಿಡ್ಕೊ ಅಕ್ಕ. ಮುಖಕ್ಕೆ ಬಡಿಯುತ್ತೆ.

ಹೂಂ. ಹಾಗೆ. ಹಾಗೇ ಹಿಡ್ಕೊಂಡಿರು.